ಕೈ ತೊಳೆಸಿ ಕಳಿಸಿದವಳು

ನನ್ನ ತಂಗಿ ಭಾನುವಾರ ಕೈ ತೊಳೆಯುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಹಾಗಿರಲಿಲ್ಲ. ಶಾಲೆಯಿಂದ ಬಂದ ಕೂಡಲೇ ಬಚ್ಚಲಿಗೆ ಹೋಗಿ ಕೈಕಾಲು ಮುಖ ತೊಳೆದು, ಒದ್ದೆ ಕೈಯನ್ನೇ ರೊಟ್ಟಿಬುಟ್ಟಿಗೆ ಹಾಕಿ ಅವ್ವನಿಂದ ಬೈಸಿಕೊಳ್ಳುತ್ತಿದ್ದಳು. ಭಾನುವಾರ ಮಾತ್ರ ಮೊಂಡು ಹಿಡಿಯುತ್ತಿದ್ದಳು. ಅದು ಯಾಕೆಂದು ನನಗೆ ತಿಳಿಯಲಿಲ್ಲ. ತಿಳಿಯದೆ ಹೋದದ್ದಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವಳ ಕೈ ಹಿಡಿದು ನಾನೇ ತೊಳೆಸಿದೆ.

ಯಾರ ಹೆಸರನ್ನೂ ಬರೆಯುವುದಿಲ್ಲ. ಇಂಥ ಮಕ್ಕಳ ಹೆಸರು ಎಲ್ಲಿಯೂ ಬರಬಾರದು ಎಂದು ಕಾನೂನೇ ಇದೆ. ಆಗ ಅವಳು ಮೂರನೇ ತರಗತಿಯಲ್ಲಿದ್ದಳು. ನನಗಿಂತ ಹದಿಮೂರು ವರ್ಷ ಚಿಕ್ಕವಳು. ಅವಳು ತೊಟ್ಟಿಲಲ್ಲಿದ್ದಾಗ ಅಪ್ಪ ತೀರಿಕೊಂಡ. ಅವ್ವ ದುಡಿಯಲು ಹೊರಟಳು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟು ತೊಟ್ಟಿಲ ಪಕ್ಕ ಕುಳಿತೆ. ಅವಳಿಗೆ ಎಣ್ಣೆ ಹಚ್ಚಿ ಎರೆದವಳು ನಾನು. ಹಲ್ಲು ಮೂಡುವಾಗ ನನ್ನ ಬೆರಳನ್ನೇ ಕಚ್ಚುತ್ತಿದ್ದಳು. ಎರಡು ಗೇಣು ಕೂದಲು ಬಂದಾಗ ಮೊದಲ ಜಡೆ ಹಾಕಿದವಳೂ ನಾನೇ. ಅವಳ ಮೈಯಲ್ಲಿ ಎಲ್ಲಿ ಮಚ್ಚೆ ಇದೆ, ಯಾವ ಮೊಣಕಾಲಿನ ಗಾಯ ಯಾವಾಗ ಆದದ್ದು, ಎಲ್ಲ ನನಗೆ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದೆ ಎಂಬ ಧೈರ್ಯದಲ್ಲೇ ನಾನು ಅವಳ ಕಡೆ ನೋಡುವುದನ್ನು ಬಿಟ್ಟಿದ್ದೆನೋ ಏನೋ.

ಬ್ಯಾಡಗಿಯಲ್ಲಿ ನಮ್ಮಂಥ ಮನೆಗಳಿಗೆ ಮೆಣಸಿನಕಾಯಿಯೇ ಕೆಲಸ. ವ್ಯಾಪಾರಸ್ಥರು ಕೊಡುವ ಒಣಕಾಯಿಯ ಚೀಲಗಳನ್ನು ಮನೆಗೆ ತಂದು ತುಂಬು ಬಿಡಿಸಿ, ಅಂದರೆ ತೊಟ್ಟು ಕಿತ್ತು, ತಿರುಗಿ ಮುಟ್ಟಿಸುತ್ತೇವೆ. ನಮ್ಮ ಪಡಸಾಲೆ ಸ್ವಲ್ಪ ಅಗಲ ಇದ್ದುದರಿಂದ ಓಣಿಯ ಹೆಂಗಸರೂ ಅಲ್ಲಿಯೇ ಬಂದು ಕೂಡುತ್ತಿದ್ದರು. ಸುಕ್ಕುಗಟ್ಟಿದ ನಮ್ಮೂರ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆಂಧ್ರದ ಕಡೆಯಿಂದ ಬರುವ ನುಣುಪು ಕಾಯಿ ಹಾಗಲ್ಲ. ಅದನ್ನು ತಾಸು ಹೊತ್ತು ಮುಟ್ಟಿದರೆ ಮರುದಿನದವರೆಗೂ ಬೆರಳು ಉರಿಯುತ್ತವೆ. ಕೆಲಸ ಮುಗಿದ ಮೇಲೆ ಬರೀ ನೀರಿನಲ್ಲಿ ತೊಳೆದರೆ ಉಪಯೋಗವಿಲ್ಲ. ಮೊದಲು ಕೊಬ್ಬರಿ ಎಣ್ಣೆ ತಿಕ್ಕಬೇಕು, ಆಮೇಲೆ ಕಡಲೆಹಿಟ್ಟು, ಆಮೇಲೆ ಸಾಬೂನು. ನಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ಕೆಂಪು, ಎಲ್ಲರ ಮೂಗಿನಲ್ಲೂ ನೀರು. ಯಾರಾದರೂ ಕಣ್ಣೊರೆಸಿಕೊಂಡರೆ ಯಾಕೆ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ.

ಭಾನುವಾರ ನಮ್ಮ ಸೋದರಮಾವ ಬರುತ್ತಿದ್ದ. ಅವ್ವನ ಕಿರಿಯ ತಮ್ಮ. ರಾಣೆಬೆನ್ನೂರಿನಲ್ಲಿ ಬಿತ್ತನೆ ಬೀಜದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಭಾನುವಾರ ಅಂಗಡಿಗೆ ರಜೆ. ಅವ್ವ ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದವಳು. ಅಪ್ಪ ಹೋದ ಮೇಲೆ ನಮ್ಮ ಮನೆಗೆ ಗಂಡಸು ಎಂದರೆ ಅವನೇ. ಮೀಟರ್ ಕೆಟ್ಟರೆ ಅವನು, ರೇಷನ್ ಕಾರ್ಡಿನ ಗಲಾಟೆಗೆ ಅವನು, ಅವ್ವನಿಗೆ ಜ್ವರ ಬಂದರೆ ದವಾಖಾನೆಗೂ ಅವನೇ. ಬರುವಾಗ ಮಂಡಕ್ಕಿ, ಮಿರ್ಚಿ, ತಂಗಿಗೆ ಒಂದು ಚಾಕಲೇಟು. ಊಟ ಮಾಡಿ, ಸಂಜೆಯ ಹೊತ್ತಿಗೆ ಅವಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಕಾಗಿನೆಲೆ ರಸ್ತೆಯ ಕಡೆ ಒಂದು ಸುತ್ತು ಹೋಗಿ ಬರುತ್ತಿದ್ದ. ಅಪ್ಪ ಇಲ್ಲದ ಹುಡುಗಿ, ಒಂದು ಸುತ್ತು ತಿರುಗಾಡಲಿ ಎಂದು ನಾವು ಖುಷಿಪಡುತ್ತಿದ್ದೆವು.

ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿ ನಮ್ಮಲ್ಲಿದೆ. ಆದ್ದರಿಂದ ಹೆಣ್ಣುಮಗು ಮಾತು ಕಲಿಯುವ ಮೊದಲೇ ಮಾವನ ಹೆಸರಿನಲ್ಲಿ ಚೇಷ್ಟೆ ಶುರುವಾಗುತ್ತದೆ. ಅದು ಕೆಟ್ಟದ್ದು ಎಂದು ಯಾರಿಗೂ ಅನ್ನಿಸುವುದಿಲ್ಲ. ಅವನ ಗಾಡಿಯ ಸಪ್ಪಳ ಕೇಳಿದರೆ ಸಾಕು, ಪಡಸಾಲೆಯ ಹೆಂಗಸರು ತುಂಬು ಬಿಡಿಸುತ್ತಲೇ ತಂಗಿಗೆ ಗಂಟುಬೀಳುತ್ತಿದ್ದರು.

“ಏ ಹುಡುಗಿ, ನಿನ ಗಂಡ ಬಂದ ನೋಡ. ಹೋಗಿ ನೀರ್ ಕೊಡ.”

“ಮಾವಾ, ಖರೇ ಹೇಳು, ಅಕ್ಕನ್ನ ಕಟ್ಕೋತೀಯೋ ತಂಗೀನ್ನ ಕಟ್ಕೋತೀಯೋ?”

“ಒಂದ ಹಂದರದಾಗ ಇಬ್ಬರನ್ನೂ ಕಟ್ಕೊಂಡ್ರ ಖರ್ಚರ ಉಳೀತೈತಲ್ಲ!”

ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ನಾನು ತಲೆ ತಗ್ಗಿಸಿ ಬೇಗ ಬೇಗ ತೊಟ್ಟು ಕೀಳುತ್ತಿದ್ದೆ. ಯಾಕೆಂದರೆ ಆ ಮಾತಿನಲ್ಲಿ ಅರ್ಧ ಚೇಷ್ಟೆಯಾಗಿರಲಿಲ್ಲ. ನನ್ನನ್ನು ಅವನಿಗೆ ಕೊಡುವ ಮಾತು ಮನೆಯಲ್ಲಿ ನಡೆದಿತ್ತು. ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ಅವನು ಮುಂದೂಡುತ್ತಿದ್ದ. ನಾನು ಕಾಯುತ್ತಿದ್ದೆ. ಭಾನುವಾರ ತಲೆಗೆ ಎರೆದುಕೊಂಡು, ಇದ್ದುದರಲ್ಲಿ ಚಲೋ ಸೀರೆ ಉಟ್ಟು ಮೆಣಸಿನಕಾಯಿಯ ಮುಂದೆ ಕೂಡುತ್ತಿದ್ದೆ. ಈ ಸಂಗತಿಯನ್ನು ನಾನು ಪೊಲೀಸರ ಮುಂದೆಯೂ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಆದರೆ ಇದನ್ನು ಬಿಟ್ಟರೆ ಉಳಿದದ್ದು ಸುಳ್ಳಾಗುತ್ತದೆ.

ಒಂದು ಭಾನುವಾರ ತಂಗಿ, “ನಾ ಒಲ್ಲೆ, ಮಾವ ಬ್ಯಾಡ,” ಎಂದಳು. ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಪಡಸಾಲೆಗೆ ಪಡಸಾಲೆಯೇ ನಕ್ಕಿತು.

“ಅಯ್ಯ, ಈಗ ನೋಡ ನಾಚಿಕಿ ಬಂತು!” ಎಂದಳು ಪಕ್ಕದ ಮನೆಯ ಅತ್ತಿ. ಆಕೆ ನಮ್ಮ ಸಂಬಂಧಿಕಳಲ್ಲ, ಓಣಿಯ ಮಕ್ಕಳೆಲ್ಲ ಆಕೆಯನ್ನು ಅತ್ತಿ ಎಂದೇ ಕರೆಯುವುದು. “ಮದಿವಿಗಿ ಮೊದಲ ಹಿಂಗ್ ಅಂತಾರವಾ. ಆಮ್ಯಾಲೆ ಬೆನ್ನ ಹತ್ತಿ ತಿರಗತಾರ.”

ನಾನೂ ನಕ್ಕೆ. ಅವಳ ಬೆರಳುಗಳನ್ನು ಒಂದೊಂದಾಗಿ ಚೌಕಟ್ಟಿನಿಂದ ಬಿಡಿಸಿದೆ. ತುಂಬು ಬಿಡಿಸುವ ಕೈ ನನ್ನದು; ಬೆರಳು ಬಿಡಿಸುವುದು ಕಷ್ಟವಾಗಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವಳು ಬದಲಾದದ್ದು ಕಣ್ಣಿಗೆ ಬೀಳದೆ ಇರಲಿಲ್ಲ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮರಳಿ ಬಂತು. ಶನಿವಾರ ಸಂಜೆ ಹೊಟ್ಟೆನೋವು ಎನ್ನುತ್ತಿದ್ದಳು. ಸೋಮವಾರ ಹೊತ್ತಿಗೆ ನೋವು ಇರುತ್ತಿರಲಿಲ್ಲ. ಮಾವ ತಂದ ಚಾಕಲೇಟನ್ನು ಓಣಿಯ ನಾಯಿಗೆ ಹಾಕುತ್ತಿದ್ದಳು. ಬೇಸಿಗೆಯಲ್ಲಿಯೂ ಲಂಗದ ಒಳಗೆ ಶಾಲೆಯ ಪ್ಯಾಂಟು ಹಾಕಿಕೊಳ್ಳುತ್ತಿದ್ದಳು. ಅವ್ವ ಅವಳಿಗೆ ದೃಷ್ಟಿಯಾಗಿದೆ ಎಂದಳು. ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದೆವು. ಘಾಟು ಬರದಿದ್ದರೆ ದೃಷ್ಟಿ ಇದೆ ಎಂದು ಲೆಕ್ಕ. ಘಾಟು ಬರಲಿಲ್ಲ. ನಮ್ಮ ಮನೆಯ ಗೋಡೆಗೂ ಗಾಳಿಗೂ ಘಾಟು ಹಿಡಿದಿರುವಾಗ ಇನ್ನೊಂದು ಹಿಡಿ ಕಾಯಿಯ ಘಾಟು ನಮ್ಮ ಮೂಗಿಗೆ ಹೇಗೆ ಗೊತ್ತಾಗಬೇಕು? ಅದು ಆವತ್ತು ಹೊಳೆಯಲಿಲ್ಲ. “ನೋಡು, ದೃಷ್ಟಿನ ಆಗೇತಿ,” ಎಂದು ಅವ್ವ ಸಮಾಧಾನಪಟ್ಟಳು. ಕಾರಣ ಸಿಕ್ಕಿತ್ತು. ದಾರವನ್ನೂ ಕಟ್ಟಿಸಿದೆವು.

ಅದೇ ದಿನಗಳಲ್ಲಿ ಅವಳು ಭಾನುವಾರ ನಮ್ಮ ಜೊತೆ ಮೆಣಸಿನಕಾಯಿಗೆ ಕೂಡತೊಡಗಿದಳು. ಯಾರೂ ಕರೆದಿರಲಿಲ್ಲ. ನಮ್ಮೂರ ಕಾಯಿಯ ರಾಶಿ ಬಿಟ್ಟು ನುಣುಪು ಕಾಯಿಯ ರಾಶಿಯ ಮುಂದೆ ಕೂಡುತ್ತಿದ್ದಳು. ತೊಟ್ಟು ಕೀಳುವುದಕ್ಕಿಂತ ಕಾಯಿಯನ್ನು ಮುರಿದು, ಬೀಜವನ್ನು ಅಂಗೈಯಲ್ಲಿ ತಿಕ್ಕುವುದೇ ಹೆಚ್ಚು.

“ಏ ಹುಚ್ಚಿ, ಕಾಯಿ ಮುರೀಬ್ಯಾಡ. ಸಾವಕಾರ ಬೈತಾನ. ಈ ಕಡೆ ರಾಶಿಗೆ ಬಾ, ಅದು ಭಾಳ ಉರೀತೈತಿ,” ಎಂದೆ.

“ಉರೀಲಿ,” ಎಂದಳು.

ಗಾಡಿಯ ಸಪ್ಪಳವಾದಾಗ ಕೈ ತೊಳೆದುಕೊ ಎಂದರೆ, “ಒಲ್ಲೆ” ಎಂದು ಮುಷ್ಟಿ ಕಟ್ಟಿಕೊಂಡು ನಿಂತಳು. ಹಾಗೆಯೇ ಅವನ ಗಾಡಿ ಹತ್ತಿದಳು. ಆ ದಿನ ಅವರು ಬೇಗ ತಿರುಗಿ ಬಂದರು. ಅವನ ಕಣ್ಣು ಎರಡೂ ಬಾತು ಕೆಂಪಾಗಿದ್ದವು. ಅವ್ವ ಗಾಬರಿಯಾಗಿ ಹಾಲಿನಲ್ಲಿ ಅರಿವೆ ಅದ್ದಿ ಕಣ್ಣಿಗಿಟ್ಟಳು. ಅವನು ನಗುತ್ತಲೇ ಹೇಳಿದ:

“ಏನಿಲ್ಲಕ್ಕಾ, ನಿನ್ನ ಸಣ್ಣ ಮಗಳು ಕಣ್ಣ ಮುಚ್ಚಿ ಆಟ ಆಡಾಕ ಹೋಗಿ ಖಾರ ಹಚ್ಚಿಬಿಟ್ಟಾಳ.” ಆಮೇಲೆ ನನ್ನ ಕಡೆ ತಿರುಗಿ, “ನೀನರ ನೋಡಬಾರದೇನ? ಮುಂದಿನ ವಾರ ಕೈ ತೊಳಸಿ ಕಳಸು. ಅಷ್ಟ ಮಾಡು ಸಾಕು,” ಎಂದ.

ಅವನು ನೇರವಾಗಿ ನನಗೆ ಒಂದು ಕೆಲಸ ಹೇಳಿದ್ದು ಅದೇ ಮೊದಲು. ನನಗೆ ಸಂತೋಷವಾಯಿತು. ಬರೆಯಲು ಬೇರೆ ಮಾತು ಹುಡುಕಿದೆ, ಆದರೆ ಆದದ್ದು ಸಂತೋಷವೇ.

ಮುಂದಿನ ಭಾನುವಾರ ಅವಳನ್ನು ಬಚ್ಚಲಿಗೆ ಎಳೆದುಕೊಂಡು ಹೋದೆ. ಮುಷ್ಟಿ ಬಿಡಲಿಲ್ಲ. ಬೆನ್ನಿಗೆ ಒಂದು ಹಾಕಿದೆ. ಎಣ್ಣೆ ತಿಕ್ಕಿದೆ, ಕಡಲೆಹಿಟ್ಟು ಹಚ್ಚಿದೆ, ಸಾಬೂನಿನಿಂದ ತೊಳೆದೆ. ಉಗುರಿನ ಸಂದಿಯಲ್ಲಿದ್ದ ಬೀಜದ ಪುಡಿಯನ್ನು ಕಡ್ಡಿಯಿಂದ ತೆಗೆದೆ. ಅವಳು ಅಳುತ್ತಿದ್ದಳು, ಖಾರ ಉರಿದು ಅಳುತ್ತಾಳೆ ಎಂದುಕೊಂಡೆ. ಬೆರಳನ್ನು ನನ್ನ ನಾಲಿಗೆಗೆ ಮುಟ್ಟಿಸಿ ಖಾರ ಪೂರಾ ಹೋಗಿದೆಯೋ ಇಲ್ಲವೋ ಎಂದು ನೋಡಿದೆ. ಅಷ್ಟು ಅಚ್ಚುಕಟ್ಟಾಗಿ ಮಾಡಿದೆ. ಆಮೇಲೆ ಎತ್ತಿ ಗಾಡಿಯ ಮೇಲೆ ಕೂರಿಸಿದೆ. ಅವಳು ಅಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಏನನ್ನೋ ಕೇಳುವಂತೆ ಅಲ್ಲ. ಇವಳೂ ಅಷ್ಟೇ ಎಂದು ತಿಳಿದುಕೊಂಡವರು ನೋಡುವ ಹಾಗೆ.

“ನಿನ್ನಂಥಾಕಿ ಮನ್ಯಾಗ ಇದ್ರ ಚಿಂತಿಲ್ಲ ನೋಡು,” ಎಂದು ಅವನು ಗಾಡಿ ಚಾಲೂ ಮಾಡಿದ. ನಾನು ಒಳಗೆ ಹೋಗಿ ಕನ್ನಡಿಯಲ್ಲಿ ಮುಖ ನೋಡಿಕೊಂಡೆ.

ಆಮೇಲೆಯೂ ಭಾನುವಾರಗಳು ಬಂದವು. ಎಷ್ಟು ಎಂದು ಲೆಕ್ಕ ಹಾಕಲು ಹೋಗಿ ಪ್ರತಿಸಲ ನಡುವೆಯೇ ನಿಲ್ಲಿಸುತ್ತೇನೆ.

ಗೊತ್ತಾದದ್ದು ಶಾಲೆಯಲ್ಲಿ. ಹೊರಗಿನಿಂದ ಒಬ್ಬ ಮೇಡಂ ಬಂದು ಮಕ್ಕಳಿಗೆ ಚಿತ್ರ ತೋರಿಸಿ, ಯಾರು ಎಲ್ಲಿ ಮುಟ್ಟಬಾರದು, ಮುಟ್ಟಿದರೆ ಏನು ಮಾಡಬೇಕು ಎಂದು ಹೇಳಿಕೊಟ್ಟರಂತೆ. ಬೇಡ ಎಂದು ಜೋರಾಗಿ ಹೇಳಬೇಕು, ಅಲ್ಲಿಂದ ಓಡಬೇಕು, ದೊಡ್ಡವರಿಗೆ ತಿಳಿಸಬೇಕು. ಮಕ್ಕಳೆಲ್ಲ ಒಟ್ಟಾಗಿ ಕೂಗಿದರಂತೆ. ನನ್ನ ತಂಗಿ ಮಾತ್ರ ಕೈ ಎತ್ತಿ ಕೇಳಿದಳಂತೆ: “ಬ್ಯಾಡ ಅಂದ್ರ ಎಲ್ಲಾರೂ ನಗತಾರ್ರಿ ಟೀಚರ್. ಆಮ್ಯಾಲೆ ಏನ್ ಮಾಡಬೇಕ್ರಿ?”

ಅವಳ ಟೀಚರ್ ಆ ಪ್ರಶ್ನೆಯನ್ನು ಅಲ್ಲಿಗೇ ಬಿಡಲಿಲ್ಲ. ಊಟದ ಹೊತ್ತಿನಲ್ಲಿ ಅವಳ ಪಕ್ಕ ಕುಳಿತು, ಅವಸರ ಮಾಡದೆ, ಅವಳು ಹೇಳಿದಷ್ಟನ್ನೇ ಕೇಳಿದರು. ಸಂಜೆ ಅವಳನ್ನು ಕರೆದುಕೊಂಡು ಮನೆಗೆ ಬಂದರು. ತಂಗಿ ಟೀಚರ್ ಸೀರೆಯ ನೆರಿಗೆ ಹಿಡಿದು ಅವರ ಹಿಂದೆ ನಿಂತಿದ್ದಳು. ಅವಳು ನನ್ನ ಸೀರೆ ಹಿಡಿದು ನಿಲ್ಲುವುದನ್ನು ಬಿಟ್ಟು ಬಹಳ ದಿನವಾಗಿತ್ತು ಎಂದು ಆಗ ಅನ್ನಿಸಿತು.

ಟೀಚರ್ ನಮ್ಮಿಬ್ಬರನ್ನೇ ಒಳಮನೆಗೆ ಕರೆದು, ಸಣ್ಣ ದನಿಯಲ್ಲಿ ಹೇಳಿದರು. ಅವ್ವ ಗೋಡೆ ಹಿಡಿದು ಕುಳಿತಳು.

“ಹುಡುಗರು ಏನರ ಅಂತಾವ್ರಿ ಟೀಚರ್,” ಎಂದಳು. “ಅಂವ ಇಕಿನ್ನ ಎತ್ತಿ ಆಡಿಸಿದಂವ್ರಿ. ಮಾವ ಆಗಬೇಕ್ರಿ.”

“ಯವ್ವಾ, ಹುಡುಗಿ ಕಟ್ಟಿ ಹೇಳಾಕತ್ತಿಲ್ಲ. ಇಂಥಾದ್ದನ್ನ ಆ ವಯಸ್ಸಿನ ಹುಡುಗರಿಗೆ ಕಟ್ಟಾಕ ಬರೂದಿಲ್ಲ.” ಟೀಚರ್ ನನ್ನ ಕಡೆ ನೋಡಿದರು. “ನೀ ಸಣ್ಣಾಗಿಂದ ಜೋಪಾನ ಮಾಡೀಯಂತಲ್ಲ. ಭಾನುವಾರ ಏನರ ಬ್ಯಾರೆ ಥರಾ ಮಾಡತಿದ್ದಳೇನು?”

ಭಾನುವಾರ ಎಂಬ ಒಂದು ಮಾತಿಗೆ ಎಲ್ಲವೂ ಒಂದರ ಹಿಂದೊಂದು ಬಂದು ನಿಂತವು. ನುಣುಪು ಕಾಯಿಯ ರಾಶಿ. ಅಂಗೈಯಲ್ಲಿ ತಿಕ್ಕಿದ ಬೀಜ. ಕಟ್ಟಿದ ಮುಷ್ಟಿ. ಅವನ ಬಾತ ಕಣ್ಣು. ನಮ್ಮ ಮನೆಯಲ್ಲಿ ಅವಳಿಗೆ ಸಿಕ್ಕ ಆಸರೆ ಎಂದರೆ ಮೆಣಸಿನಕಾಯಿ ಒಂದೇ. ಅದನ್ನೂ ನಾನು ಎಣ್ಣೆ ಹಚ್ಚಿ ತೆಗೆದಿದ್ದೆ.

“ಕೈ ತೊಳೀತಿದ್ದಿಲ್ರಿ,” ಎಂದೆ.

ಗೊತ್ತಾದ ಮೇಲೆ ತಿಳಿಸದೆ ಇದ್ದರೆ ತಮ್ಮ ಮೇಲೂ ತಪ್ಪು ಬರುತ್ತದೆ ಎಂದು ಹೇಳಿ ಟೀಚರ್ ಆ ದಿನವೇ ಪೊಲೀಸರಿಗೆ ತಿಳಿಸಿದರು. ಓಣಿಯಲ್ಲಿ ಅವರನ್ನು ಬೈದವರೇ ಬಹಳ. ಮನೆಯ ಮಾತನ್ನು ಬೀದಿಗೆ ತಂದಳು ಎಂದರು. ಮನೆಯಲ್ಲಿದ್ದ ನಾವು ಏನು ಮಾಡಿದೆವು ಎಂದು ಯಾರೂ ಕೇಳಲಿಲ್ಲ.

ಅವನನ್ನು ಹಿಡಿದರು, ಆಮೇಲೆ ಜಾಮೀನಿನ ಮೇಲೆ ಬಿಟ್ಟರು. ನಮ್ಮ ಹತ್ತಿರ ಬರಬಾರದು ಎಂದು ಕರಾರು ಹಾಕಿದ್ದಾರಂತೆ. ರಾಣೆಬೆನ್ನೂರಿನಲ್ಲಿಯೇ ಇದ್ದಾನೆ. ಕೇಸು ಹಾವೇರಿಯ ಕೋರ್ಟಿನಲ್ಲಿದೆ. ಬಸ್ಸು ಹತ್ತಿ ಹೋಗುತ್ತೇವೆ. ಇವತ್ತು ಆಗಲಿಲ್ಲ, ಮುಂದಿನ ತಾರೀಕು ಎನ್ನುತ್ತಾರೆ. ಬಸ್ಸು ಹತ್ತಿ ಬರುತ್ತೇವೆ. ಆ ಓಡಾಟಕ್ಕೆ ಕೊನೆ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಅವನಿಗೆ ಶಿಕ್ಷೆಯಾದರೆ ನನಗೆ ಹೇಗೆ ಅನ್ನಿಸುತ್ತದೆ ಎಂದೂ ಗೊತ್ತಿಲ್ಲ. ನನಗೆ ಬೇಕಾಗಿರುವುದು ಬೇರೆ. ಆವತ್ತು ಗಾಡಿಯ ಮೇಲಿಂದ ಹಾಗೆ ನೋಡಿದ ನನ್ನ ತಂಗಿ ಇನ್ನೊಮ್ಮೆ ಅಕ್ಕ ಎಂದುಕೊಂಡು ನನ್ನ ಹತ್ತಿರ ಬರಬೇಕು. ಅದನ್ನು ಯಾವ ಕೋರ್ಟೂ ಕೊಡಿಸಲಾರದು.

ಹಾವೇರಿಯಲ್ಲಿ ಇಂಥ ಮಕ್ಕಳ ಜೊತೆ ಮಾತಾಡಲೆಂದೇ ಒಬ್ಬ ಮೇಡಂ ಇದ್ದಾರೆ. ಅವರ ಕೋಣೆಯಲ್ಲಿ ಮೇಜು ಇಲ್ಲ, ಚಾಪೆ ಇದೆ. ಗೊಂಬೆ, ಬಣ್ಣದ ಕಡ್ಡಿ, ಸಣ್ಣ ಒಲೆ ಗಡಿಗೆಗಳ ಆಟಿಗೆ. ಮೊದಲ ಸಲ ಹೋದಾಗ ತಂಗಿ ಒಂದು ಮೂಲೆಯಲ್ಲಿ ಗೊಂಬೆಗೆ ಅಡುಗೆ ಮಾಡುತ್ತ ಕುಳಿತಿದ್ದಳು. ಅವಳ ಬಗ್ಗಿದ ತಲೆಯನ್ನು, ತಾನೇ ಹಾಕಿಕೊಂಡಿದ್ದ ಸೊಟ್ಟ ಜಡೆಯನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅವಳ ಮುಂದೆ ಕುಸಿದು ಕುಳಿತು, ಕಾಲು ಹಿಡಿದು ಅತ್ತೆ. “ತಪ್ಪಾತವಾ, ನನ್ನ ಕ್ಷಮಿಸಿಬಿಡು, ನನಗ ತಿಳೀಲಿಲ್ಲ,” ಎಂದೆ.

ಅವಳು ಬೆಚ್ಚಿಬಿದ್ದಳು. ಆಟಿಗೆಯ ಚಮಚ ಕೆಳಗಿಟ್ಟು ನನ್ನ ತಲೆಯ ಮೇಲೆ ಕೈಯಾಡಿಸಿದಳು.

“ಅಳಬ್ಯಾಡಕ್ಕಾ,” ಎಂದಳು. “ಇನ್ನ ಮ್ಯಾಲೆ ಕೈ ತೊಳಕೋತೀನಿ. ನೀ ಹೇಳಿದಾಗೆಲ್ಲ ತೊಳಕೋತೀನಿ.”

ಇದಕ್ಕಿಂತ ದೊಡ್ಡ ಪೆಟ್ಟನ್ನು ನಾನು ತಿಂದಿಲ್ಲ.

ಮೇಡಂ ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಕುಡಿಯಲು ನೀರು ಕೊಟ್ಟರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

“ನೋಡವಾ, ನೀ ಅಳಕೋತ ಕುಂತಿ, ಅಕಿ ನಿನ್ನ ಸಮಾಧಾನ ಮಾಡಿದ್ಲು. ಇದು ತಿರುವು ಮುರುವು ಆತು. ನಿನ್ನ ಭಾರಾನೂ ಅಕಿ ಹೊರಬೇಕೇನು?” ಎಂದರು. “ಅಳೂದಿದ್ರ ನನ್ನ ಮುಂದ ಅಳು. ಅಕಿ ಮುಂದ ಬ್ಯಾಡ.”

“ಮತ್ತ ನಾ ಏನ್ ಮಾಡ್ಲಿರಿ?”

“ಏನಾತು ಅಂತ ಕೆದಕಿ ಕೇಳಬ್ಯಾಡ. ತಾನಾಗಿ ಹೇಳಿದ್ರ ಕೇಳು, ನಂಬು. ಮೊದಲ ಯಾಕ ಹೇಳಲಿಲ್ಲ ಅಂತ ಯಾರೂ ಅನ್ನಬಾರದು. ಅಕಿ ಹೇಳಿದ್ಲು, ಬಾಯಿಲೆ ಹೇಳಿದ್ಲು, ಕೈಲೆ ಹೇಳಿದ್ಲು. ಶಾಲಿ ತಪ್ಪಿಸಬ್ಯಾಡ, ಆಟ ತಪ್ಪಿಸಬ್ಯಾಡ. ಇನ್ನೊಂದು ಮಾತು. ಅಕಿನ್ನ ಕೇಳಿ ಮುಟ್ಟು. ಜಡಿ ಹಾಕೂದಿರ್ಲಿ, ಎರಿಯೂದಿರ್ಲಿ, ಕೇಳು. ಬ್ಯಾಡ ಅಂದ್ರ ಬಿಡು. ಮುಖ ಸಣ್ಣ ಮಾಡಬ್ಯಾಡ, ಯಾಕ ಅಂತನೂ ಕೇಳಬ್ಯಾಡ.”

“ಯಾವಾಗ್ಲೂ ಬ್ಯಾಡನ ಅಂದ್ರರಿ?”

“ಯಾವಾಗ್ಲೂ ಬಿಡು,” ಎಂದರು.

ಇಷ್ಟೇನಾ ಎಂದು ಆಗ ಅನ್ನಿಸಿತು. ಏನಾದರೂ ದೊಡ್ಡದನ್ನು ಮಾಡು ಎಂದಿದ್ದರೆ ಮಾಡುತ್ತಿದ್ದೆ. ಹರಕೆ ಹೊರು ಎಂದಿದ್ದರೆ ಹೊರುತ್ತಿದ್ದೆ. ಕೇಳಿ, ಬಿಟ್ಟು, ಸುಮ್ಮನಿರುವುದು ಎಷ್ಟು ಕಷ್ಟ ಎಂದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಮನೆಯಲ್ಲಿ ಅವ್ವ ಮಾತು ಬಿಟ್ಟಿದ್ದಳು. ನನ್ನ ಮೇಲಿನ ಸಿಟ್ಟಿಗೆ ಅಲ್ಲ, ತಂಗಿಯ ಮೇಲಿನ ಸಿಟ್ಟಿಗೂ ಅಲ್ಲ. ತಂಗಿ ಎದುರಿಗೆ ಬಂದರೆ ಕಣ್ಣಲ್ಲಿ ಕಣ್ಣಿಡಲು ಆಗದೆ ಒಲೆಯ ಕಡೆ ತಿರುಗುತ್ತಿದ್ದಳು. ಒಮ್ಮೆ ಮಾತ್ರ, “ಅವನ್ನ ಹಡದಿಲ್ಲ ಅಷ್ಟ, ಮಗನ ಅಂವ ನನಗ,” ಎಂದಳು. ಇವತ್ತಿಗೂ ಭಾನುವಾರ ಬಂದರೆ ಅವಳ ಕೈ ತಪ್ಪಿ ರೊಟ್ಟಿ ಹೆಚ್ಚಾಗುತ್ತವೆ. ಬಡಿದು ಬೇಯಿಸಿದ ಮೇಲೆ ನೆನಪಾಗಿ, ಆ ರೊಟ್ಟಿಗಳನ್ನು ಮುಂದಿಟ್ಟುಕೊಂಡು ಕೂಡುತ್ತಾಳೆ. ಅವಳನ್ನು ಬೈಯಬೇಕೋ ಸಮಾಧಾನ ಮಾಡಬೇಕೋ ನನಗೆ ತಿಳಿಯುವುದಿಲ್ಲ. ಎರಡನ್ನೂ ಮಾಡುವುದಿಲ್ಲ.

ಅವ್ವನ ಅಣ್ಣ, ನಮ್ಮ ದೊಡ್ಡ ಮಾವ, ಒಂದು ದಿನ ಊರಿನಿಂದ ಬಂದ. ತಂಗಿ ಶಾಲೆಗೆ ಹೋಗಿದ್ದಳು. ಚಹಾ ಕುಡಿದು, ಕಪ್ಪು ಬಸಿ ಕೆಳಗಿಟ್ಟು, ಬಹಳ ವಿಚಾರ ಮಾಡಿದವನಂತೆ ಹೇಳಿದ:

“ಆದದ್ದಾತು. ಕೋರ್ಟು ಕಚೇರಿ ಅಂತ ತಿರಗಿದ್ರ ಮನಿತನದ ಮರ್ಯಾದಿನ ಹೋಗತೈತಿ. ದೊಡ್ಡಾಕಿನ್ನ ಅವಗ ಕೊಟ್ಟು ಮದಿವಿ ಮಾಡಿಬಿಡೂಣು. ಮೊದಲಿನ ಮಾತ ಐತಲ್ಲ? ಅಂವಗೂ ಬುದ್ಧಿ ಬಂದೈತಿ. ಅಕ್ಕನ ಗಂಡ ಆದಮ್ಯಾಲೆ ಸಣ್ಣಾಕಿ ಏನ್ ಸಾಕ್ಷಿ ಹೇಳ್ತಾಳ?”

ಒಲೆಯ ಮುಂದೆ ಅವ್ವನ ಬೆನ್ನು ಮಾತ್ರ ಕಾಣುತ್ತಿತ್ತು.

“ಒಲ್ಲೆ,” ಎಂದೆ.

“ಯಾಕವಾ, ಮೊನ್ನಿ ಮೊನ್ನಿತನಕಾ ಅವನ ಸಲವಾಗಿ ಕುಂತಿದ್ದಿ ಅಲ್ಲ?” ಎಂದು ಅವನು ನಕ್ಕ. ಅಂದರೆ ಊರಿಗೆಲ್ಲ ಗೊತ್ತಿತ್ತು. ನನ್ನ ಭಾನುವಾರದ ಸೀರೆ ಎಲ್ಲರಿಗೂ ಕಂಡಿತ್ತು. ಅವಳ ಭಾನುವಾರದ ಮುಷ್ಟಿ ಯಾರಿಗೂ ಕಂಡಿರಲಿಲ್ಲ.

“ಒಲ್ಲೆ ಅಂದ್ನಲ್ಲ ಮಾವಾ. ನಗಬ್ಯಾಡ.”

ಅವನು ಎದ್ದು ಹೋದ. ಆಮೇಲೆ ಆ ಕಡೆಯವರು ಯಾರೂ ನಮ್ಮ ಮನೆಗೆ ಬಂದಿಲ್ಲ. ಇದನ್ನು ಧೈರ್ಯ ಎಂದು ಯಾರೂ ತಿಳಿಯಬಾರದು. ಒಲ್ಲೆ ಎನ್ನಲು ನನಗೆ ಇಪ್ಪತ್ತೊಂದು ವರ್ಷ ಹಿಡಿಯಿತು. ಅವಳು ಎಂಟಕ್ಕೇ ಅಂದಿದ್ದಳು.

ತಂಗಿ ಸುಧಾರಿಸಿದ್ದಾಳೋ ಎಂದು ಟೀಚರ್ ಕೇಳುತ್ತಾರೆ. ಏನು ಹೇಳಲಿ? ಹಾಸಿಗೆ ಒದ್ದೆಯಾಗುವುದು ಕಡಿಮೆಯಾಗಿತ್ತು. ಕೋರ್ಟಿನ ತಾರೀಕು ಹತ್ತಿರ ಬಂದಾಗ ಮತ್ತೆ ಶುರುವಾಯಿತು. ಕುಂಟಾಬಿಲ್ಲೆ ಆಡುತ್ತಾಳೆ, ಗೆದ್ದರೆ ಕೂಗುತ್ತಾಳೆ. ಗಾಡಿಯ ಸಪ್ಪಳ ಓಣಿಯಲ್ಲಿ ನಿಂತರೆ ಆಟ ನಿಲ್ಲುತ್ತದೆ. ಸಪ್ಪಳ ಮುಂದೆ ಹೋದರೆ ಮತ್ತೆ ಆಡುತ್ತಾಳೆ. ಮೆಣಸಿನಕಾಯಿಯ ಹತ್ತಿರ ಬರುವುದಿಲ್ಲ. ಆದರೆ ಒಮ್ಮೆ ಅವಳ ಕಂಪಾಸ್ ಡಬ್ಬಿಯಲ್ಲಿ ರಬ್ಬರಿನ ಪಕ್ಕ ನುಣುಪು ಕಾಯಿಯೊಂದನ್ನು ಕಂಡೆ. ತೆಗೆಯಲು ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಡಬ್ಬಿ ಮುಚ್ಚಿ ಇದ್ದಲ್ಲಿಯೇ ಇಟ್ಟೆ. ಹಾವೇರಿಯ ಮೇಡಂಗೆ ಹೇಳಿದಾಗ, “ಇರ್ಲಿ ಬಿಡು. ಬ್ಯಾಡ ಅನಿಸಿದ ದಿನ ತಾನ ಒಗೀತಾಳ,” ಎಂದರು.

ಪಡಸಾಲೆಯ ಚೇಷ್ಟೆ ನಿಂತಿದೆ. ನಾವು ತಿಳಿದುಕೊಂಡು ನಿಲ್ಲಿಸಿದ್ದಲ್ಲ; ನಮ್ಮ ಮನೆಗೆ ಬರುವವರೇ ಕಡಿಮೆಯಾದರು. ಪಕ್ಕದ ಮನೆಯ ಅತ್ತಿ ಮಾತ್ರ ಬರುತ್ತಾಳೆ. ಒಂದು ಮಧ್ಯಾಹ್ನ ತೊಟ್ಟು ಕೀಳುತ್ತ ಕೀಳುತ್ತ ತಟಕ್ಕನೆ ಕೈ ನಿಲ್ಲಿಸಿ, “ನಾಚಿಕಿ ಬಂತು ಅಂದಾಕಿ ನಾನ ಅಲ್ಲೇನ?” ಎಂದು ಕೇಳಿದಳು. ನಾನು ಹೌದು ಎಂದೆ. ಇಬ್ಬರೂ ಕಣ್ಣೊರೆಸಿಕೊಂಡೆವು. ಎದುರು ನುಣುಪು ಕಾಯಿಯ ರಾಶಿ ಇತ್ತು.

ತಂಗಿ ಜಡೆಗೆ ಆ ಅತ್ತಿಯ ಹತ್ತಿರವೇ ಹೋಗುತ್ತಾಳೆ. ನಾನು ದಿನಾ ಬೆಳಿಗ್ಗೆ ಬಾಚಣಿಗೆ, ಎಣ್ಣೆ, ಕೆಂಪು ರಿಬ್ಬನ್ನು ತೆಗೆದಿಟ್ಟು, “ಜಡಿ ಹಾಕ್ಲೇನ?” ಎಂದು ಕೇಳುತ್ತೇನೆ. “ಬ್ಯಾಡ,” ಎನ್ನುತ್ತಾಳೆ. ಸಿಟ್ಟಿಲ್ಲ, ಅಳು ಇಲ್ಲ; ಚಹಾ ಬೇಡ ಎನ್ನುವ ಹಾಗೆ. ಬಾಚಣಿಗೆ ತೆಗೆದುಕೊಂಡು ಓಡುತ್ತಾಳೆ. ಅತ್ತಿಗೆ ಕಣ್ಣು ಮಂದ, ಬೈತಲೆ ಸೊಟ್ಟಾಗುತ್ತದೆ, ಒಂದು ಜಡೆ ಮೇಲೆ ಒಂದು ಜಡೆ ಕೆಳಗೆ. ಹಾಗೆಯೇ ಶಾಲೆಗೆ ಹೋಗುತ್ತಾಳೆ. ಆ ಬೈತಲೆಯನ್ನು ಸರಿ ಮಾಡಲು ನನ್ನ ಬೆರಳು ತುಡಿಯುತ್ತವೆ. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಲ್ಲುತ್ತೇನೆ.

ನನ್ನ ಹಾಗೆ ತಮ್ಮ ತಂಗಿಯರನ್ನು ಎತ್ತಿ ಬೆಳೆಸಿದ ಅಕ್ಕಂದಿರು ಮನೆಮನೆಗೂ ಇದ್ದಾರೆ. ಅವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಮಗು ಮೊಂಡು ಹಿಡಿದರೆ, ಆ ಮೊಂಡು ಯಾವ ದಿನ, ಯಾರು ಬಂದಾಗ, ಎಂದು ಒಮ್ಮೆ ನೋಡಿ. ನಗುವ ಮೊದಲು ನೋಡಿ. ನನಗೆ ಅಷ್ಟು ಹೇಳಿದವರು ಇರಲಿಲ್ಲ ಎಂದು ಬರೆಯಲು ಹೊರಟಿದ್ದೆ, ಅದೂ ಸುಳ್ಳು. ಹೇಳಿದವಳು ಇದ್ದಳು. ಚೌಕಟ್ಟು ಹಿಡಿದುಕೊಂಡು ಹೇಳಿದ್ದಳು.

ಇವತ್ತು ಭಾನುವಾರ. ಶಾಲೆ ಇಲ್ಲ. ತಲೆಗೆ ಎರೆದುಕೊಂಡು ಬಂದು ಹೊಸ್ತಿಲ ಮೇಲೆ ಬಿಸಿಲಿಗೆ ಕುಳಿತಿದ್ದಳು. ತಾನೇ ಎರೆದುಕೊಳ್ಳುತ್ತಾಳೆ, ಒಳಗಿನಿಂದ ಚಿಲಕ ಹಾಕಿಕೊಂಡು. ಕೂದಲು ಸಿಕ್ಕುಗಟ್ಟಿತ್ತು. ಅತ್ತಿ ಮಗನ ಊರಿಗೆ ಹೋಗಿದ್ದಾಳೆ. ಬೇರೆ ಯಾರೂ ಇರಲಿಲ್ಲ. ನಾನು ಬಾಚಣಿಗೆ ಹಿಡಿದು ಸ್ವಲ್ಪ ದೂರದಲ್ಲಿ ನಿಂತು ಕೇಳಿದೆ.

“ಸಿಕ್ಕ ಬಿಡಿಸ್ಲೇನ?”

ಅವಳು ಸಿಕ್ಕಿನ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು. ಇವತ್ತು ಹೂಂ ಎನ್ನುತ್ತಾಳೆ ಎಂದುಕೊಂಡೆ.

“ಬ್ಯಾಡ,” ಎಂದಳು.

“ಆತು,” ಎಂದೆ. ಬಾಚಣಿಗೆಯನ್ನು ಗೋಡೆಯ ಗೂಡಿನಲ್ಲಿ ಇಟ್ಟೆ. ತಿರುಗಿದಾಗ ಅವಳು ಹೊಸ್ತಿಲ ಮೇಲಿಂದ ಹೊರಳಿ ನೋಡುತ್ತಿದ್ದಳು. ನನ್ನ ಮುಖವನ್ನಲ್ಲ, ಗೂಡನ್ನು. ನಾನು ನಿಜವಾಗಿ ಇಟ್ಟೆನೋ ಇಲ್ಲವೋ ಎಂದು.